ತಿಮಿಂಗಿಲದ ಟೋಪಿಗೆ ಬ್ಯಾಕಪ್

ಈ ವಾರದ ಮಾತು ವಿಡಿಯೊದಲ್ಲಿ ನಲವತ್ತು ನಿಮಿಷ ದಾಟಿಬಿಟ್ಟಿತು. ಅಷ್ಟು ಹೊತ್ತು ಕೂತು ನೋಡೋಕಾಗಲ್ಲ, ಆಫೀಸಿನ ಕ್ಯಾಬ್‌ನಲ್ಲಿ ಓದ್ಕೋತೀವಿ ಅನ್ನುವವರಿಗೆ ಎಂದಿನಂತೆ ಬರಹರೂಪ ಇಲ್ಲಿದೆ. ಮಾತಿನ ಭರದಲ್ಲಿ ಹಾರಿಸಿಬಿಟ್ಟ ಎರಡು ಮೂರು ವಿಷಯಗಳನ್ನೂ ಸೇರಿಸಿದ್ದೇನೆ.

ನನ್ನ ಹೊಟ್ಟೆಪಾಡು ಪುಣೆಯಲ್ಲಿ. ತ್ರೀಡಿ ಸ್ಕ್ಯಾನ್‌ಗಳನ್ನು ಸರಿಪಡಿಸುವ ತಂತ್ರಾಂಶ ಬರೆಯುವ ಕೆಲಸ. ಸ್ಕ್ಯಾನರ್ ಒಂದು ವಸ್ತುವನ್ನು ಅಳೆದರೆ ಸಿಗುವುದು ಲಕ್ಷಗಟ್ಟಲೆ ಚುಕ್ಕೆಗಳು. ಆ ಚುಕ್ಕೆಗಳನ್ನು ಸೇರಿಸಿ ತ್ರಿಕೋನಗಳ ಬಲೆ ಹೆಣೀಬೇಕು, ಬಲೆಯಲ್ಲಿ ತೂತು ಬಿದ್ದ ಕಡೆ ಸುತ್ತಲಿನ ಮೇಲ್ಮೈ ನೋಡಿ ತುಂಬಬೇಕು. ನಮ್ಮ ಹತ್ತಿರ ಬರುವುದೆಲ್ಲ ಪಂಪಿನ ಕವಚ, ಗೇರ್‌ಬಾಕ್ಸ್, ಇಂಥವೇ. ಕಳೆದ ವರ್ಷ ಒಂದು ಮಧ್ಯಾಹ್ನ ಪರೀಕ್ಷೆಗೆ ಬೇರೆ ಥರದ ಮಾಡೆಲ್ ಸಿಗುತ್ತಾ ಅಂತ ಹುಡುಕುತ್ತಾ ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ತ್ರೀಡಿ ಸಂಗ್ರಹಕ್ಕೆ ಹೋದೆ. ಅಲ್ಲಿ ಒಂದು ಟೋಪಿ ಕಂಡಿತು. ಮರದಲ್ಲಿ ಕೆತ್ತಿದ ಓರ್ಕಾ, ಅಂದ್ರೆ ಕೊಲೆಗಾರ ತಿಮಿಂಗಿಲ. ಬೆನ್ನಿನ ಈಜುರೆಕ್ಕೆ ನೆಟ್ಟಗೆ ನಿಂತಿದೆ, ಅಲ್ಲಲ್ಲಿ ಚಿಪ್ಪು ಕೂರಿಸಿದ್ದಾರೆ. ಮೌಸ್‌ನಲ್ಲಿ ತಿರುಗಿಸಿ ತಿರುಗಿಸಿ ನೋಡಿದೆ. ಮೊದಲು ಹೊಳೆದದ್ದು ನಮ್ಮ ಕಸುಬಿನವರಿಗೆಲ್ಲ ಹೊಳೆಯುವಂಥದ್ದೇ: ಪರವಾಗಿಲ್ಲ, ಇದಕ್ಕೆ ಬ್ಯಾಕಪ್ ಆಯ್ತು, ಇನ್ನು ಇದು ಕಳೆದುಹೋಗಲ್ಲ.

ಹಾಗಂದುಕೊಂಡದ್ದು ಎಷ್ಟು ಅರ್ಧಂಬರ್ಧ ಅಂತ ಗೊತ್ತಾಗಲು ನನಗೆ ನಾಲ್ಕು ತಿಂಗಳ ಓದು ಬೇಕಾಯ್ತು. ಆ ಓದಿನ ಸಾರವೇ ಈ ಬರಹ.

ಟೋಪಿ ಟ್ಲಿಂಗಿಟ್ ಜನರದ್ದು. ಬರೆಯುವಾಗ ಹೀಗಾದರೂ ಇಂಗ್ಲಿಷಿನವರು ಹೇಳುವುದು 'ಕ್ಲಿಂಕಿಟ್' ಅಂತ. ಅಲಾಸ್ಕಾದ ಆಗ್ನೇಯ ಭಾಗದಲ್ಲಿ, ಕೆನಡಾದ ಗಡಿಗೆ ಅಂಟಿಕೊಂಡಂತೆ ಕಡಲಿನಲ್ಲಿ ಚೆಲ್ಲಿರುವ ದ್ವೀಪಗಳು, ಅವುಗಳ ನಡುವೆ ಉದ್ದುದ್ದ ಕೊಲ್ಲಿಗಳು. ಸದಾ ಮಳೆ, ದಟ್ಟ ಕಾಡು, ಹೊಳೆ ತುಂಬ ಸಾಲ್ಮನ್ ಮೀನು. ಅದು ಇವರ ಸೀಮೆ. ಇಡೀ ಸಮಾಜ ಎರಡು ಬದಿಯಾಗಿ ನಿಂತಿದೆ. ಒಂದು ಬದಿ ರೇವನ್, ಅಂದ್ರೆ ನಮ್ಮ ಕಾಗೆಯ ದಾಯಾದಿಯಾದ ದೊಡ್ಡ ಕಪ್ಪು ಹಕ್ಕಿ. ಇನ್ನೊಂದು ಹದ್ದು, ಕೆಲವು ಕಡೆ ತೋಳ ಅಂತಲೂ ಹೇಳುತ್ತಾರೆ. ಪ್ರತಿ ಬದಿಯಲ್ಲೂ ಹತ್ತಾರು ಕುಲಗಳು. ಮಗು ತಾಯಿಯ ಕುಲಕ್ಕೆ ಸೇರುತ್ತದೆ. ತುಳುನಾಡಿನ ಅಳಿಯಸಂತಾನ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮದುವೆ ಮಾತ್ರ ಎದುರು ಬದಿಯವರ ಜೊತೆಗೇ. ಈ 'ಎದುರು ಬದಿ' ಅನ್ನೋ ಮಾತು ನೆನಪಿಟ್ಟುಕೊಳ್ಳಿ, ಮುಂದೆಲ್ಲ ಇದರದ್ದೇ ಕೆಲಸ.

ಪ್ರತಿ ಕುಲಕ್ಕೂ ತನ್ನದೇ ಲಾಂಛನಗಳಿವೆ. ಓರ್ಕಾ, ಕಪ್ಪೆ, ಕರಡಿ, ಶಾರ್ಕ್ ಹೀಗೆ. ಲಾಂಛನ ಅಂದ ತಕ್ಷಣ ಕಂಪನಿ ಲೋಗೊ ನೆನಪಾಗೋದು ಬೇಡ. ಹಿಂದೆ ಯಾವಾಗಲೋ ಕುಲದ ಪೂರ್ವಜರೊಬ್ಬರು ಆ ಪ್ರಾಣಿಯನ್ನು ಮುಖಾಮುಖಿಯಾದರು, ಅದಕ್ಕಾಗಿ ಏನೋ ಕಳೆದುಕೊಂಡರು, ಎಷ್ಟೋ ಸಲ ಪ್ರಾಣವನ್ನೇ ತೆತ್ತರು. ಹಾಗೆ ಬೆಲೆ ತೆತ್ತು ಪಡೆದದ್ದು ಆ ಕಥೆ, ಆ ಹಾಡು, ಆ ಹೆಸರು, ಆ ರೂಪ. ಇದಕ್ಕೆ ಅವರ ಮಾತಿನಲ್ಲಿ 'ಅಟ್‌ಊ' ಅನ್ನುತ್ತಾರೆ. ಸರಿಸುಮಾರು ಅರ್ಥ, ಬೆಲೆ ಕೊಟ್ಟು ನಮ್ಮದಾಗಿಸಿಕೊಂಡದ್ದು. ಟೋಪಿ ಆ ಅಟ್‌ಊನ ಕಣ್ಣಿಗೆ ಕಾಣುವ ಮುಖ.

ಈಗ ಸ್ವಾರಸ್ಯ ನೋಡಿ. ಕುಲದ ಟೋಪಿಯನ್ನು ಕುಲದವರೇ ಕೆತ್ತುವಂತಿಲ್ಲ. ಎದುರು ಬದಿಯ ಕುಶಲಕರ್ಮಿಗೆ ಹೇಳಿ ಮಾಡಿಸಬೇಕು. ಸತ್ತವರ ನೆನಪಿಗೆ 'ಕುಈಕ್' ಅನ್ನುವ ದೊಡ್ಡ ಸಮಾರಂಭ ಮಾಡುತ್ತಾರೆ, ಹೊರಗಿನವರು ಪಾಟ್‌ಲ್ಯಾಚ್ ಅಂತ ಕರೆದದ್ದು ಇದನ್ನೇ. ಅಲ್ಲಿ ಎದುರು ಬದಿಯವರನ್ನೆಲ್ಲ ಕೂರಿಸಿ, ಅವರ ಮುಂದೆ ಟೋಪಿಯನ್ನು ಹೊರತಂದು, ಕಥೆ ಹೇಳಿ, ಹಾಡಿ, ಕೆತ್ತಿದವರಿಗೂ ನೋಡಿದವರಿಗೂ ಕಂಬಳಿ, ಹಣ, ಆಹಾರ ಕೊಡಬೇಕು. ಅವರು ಅದನ್ನು ತೆಗೆದುಕೊಂಡರೆ 'ಹೌದು, ಇದು ನಿಮ್ಮದು, ನಾವು ಸಾಕ್ಷಿ' ಅಂತ ಒಪ್ಪಿದ ಹಾಗೆ. ಆ ದಿನದವರೆಗೆ ಅದು ಚೆಂದವಾಗಿ ಕೆತ್ತಿದ ಮರ, ಅಷ್ಟೆ.

ಕಸುಬಿನ ವಿಷಯಕ್ಕೆ ಬರೋಣ. ತಲೆಗೆ ತೊಡುವವುಗಳಲ್ಲಿ ಹಲವು ಬಗೆ. ಸ್ಪ್ರೂಸ್ ಮರದ ಬೇರಿನಿಂದ ಹೆಣೆದ ಅಗಲ ಅಂಚಿನ ಟೋಪಿ ಒಂದು. ಬೇರನ್ನು ಅಗೆದು, ಬೆಂಕಿಯಲ್ಲಿ ಬಿಸಿ ಮಾಡಿ, ಸೀಳಿದ ಕೋಲಿನ ಸಂದಿನಲ್ಲಿ ಎಳೆದು ಸಿಪ್ಪೆ ಕಳಚಿ, ಆಮೇಲೆ ದಾರದಷ್ಟು ಸಣ್ಣಗೆ ಸೀಳಬೇಕು. ನೀರು ತುಂಬಿದರೂ ಸೋರದಷ್ಟು ಬಿಗಿಯಾಗಿ ಹೆಣೆಯುತ್ತಾರೆ. ಇದು ಹೆಂಗಸರ ಕೈಕೆಲಸ. ಮೇಲೆ ಲಾಂಛನ ಬರೆಯುವುದು ಹೆಚ್ಚಾಗಿ ಗಂಡಸರು. ಇನ್ನೊಂದು ನಾನು ನೋಡಿದಂಥ ಮರದ ಟೋಪಿ. ಬಾಚಿಯಿಂದ ಒರಟು ರೂಪ ತೆಗೆದು, ಬಾಗಿದ ಅಲಗಿನ ಚಾಕುವಿನಿಂದ ತಿದ್ದಿ, ಶಾರ್ಕ್ ಜಾತಿಯ ಮೀನಿನ ಒರಟು ಚರ್ಮದಿಂದ ಉಜ್ಜಿ ನುಣುಪು ಮಾಡುತ್ತಿದ್ದರು. ಅದೇ ಅವರ ಉಪ್ಪುಕಾಗದ. ಬಣ್ಣ ಹಿಡಿದು ನಿಲ್ಲಬೇಕಲ್ಲ? ಸಾಲ್ಮನ್ ಮೀನಿನ ಮೊಟ್ಟೆಯನ್ನು ಸೀಡರ್ ತೊಗಟೆಯ ಜೊತೆ ಬಾಯಲ್ಲಿ ಜಗಿದು, ಆ ಅಂಟಿನಲ್ಲಿ ಕಪ್ಪು, ಕೆಂಪು, ಹಸಿರು ಬೆರೆತ ನೀಲಿ ಕಲಸುತ್ತಿದ್ದರು.

ನನ್ನ ಮನಸ್ಸು ಸೂರೆ ಮಾಡಿದ್ದು ಮೂರನೆಯ ಬಗೆ, 'ಶಕೀಅಟ್'. ಇದು ದಕ್ಷಿಣದ ನಾಸ್ ನದಿಯ ಕಡೆಯ ಜನರಿಂದ ಹರಡಿ ಇವರಲ್ಲಿ ನೆಲೆಯಾದದ್ದು. ಹಣೆಯ ಮುಂದೆ ಅಂಗೈಗಿಂತ ಸ್ವಲ್ಪ ದೊಡ್ಡದಾದ ಕೆತ್ತನೆಯ ಹಲಗೆ, ಸಾಮಾನ್ಯವಾಗಿ ಮೇಪಲ್ ಅಥವಾ ಬರ್ಚ್ ಮರದ್ದು. ಹಲಗೆಯ ಸುತ್ತ ಅಬಲೋನಿ ಚಿಪ್ಪಿನ ತುಣುಕುಗಳು. ಅಲಾಸ್ಕಾದ ಅಬಲೋನಿ ಚಿಕ್ಕದು, ಬಣ್ಣವೂ ಪೇಲವ. ನವಿಲಿನ ಕತ್ತಿನಂತೆ ಹೊಳೆಯುವ ದಪ್ಪ ಚಿಪ್ಪು ಕ್ಯಾಲಿಫೋರ್ನಿಯಾದಿಂದ, ಹದಿನೆಂಟನೇ ಶತಮಾನದ ಕೊನೆಗೆ ಸ್ಪೇನಿನವರ ಹಡಗುಗಳಲ್ಲಿ ಬಂತು. ತಲೆಯ ಮೇಲೆ ಕಿರೀಟದಂತೆ ನೆಟ್ಟಗೆ ನಿಲ್ಲುವ ಉದ್ದ ಕಡ್ಡಿಗಳು ಕಡಲಸಿಂಹದ ಮೀಸೆ. ಹಿಂದೆ ಬೆನ್ನಿನುದ್ದಕ್ಕೂ ಇಳಿಬಿದ್ದ ಬಿಳಿ ತುಪ್ಪಳದ ಸಾಲುಗಳು ಅರ್ಮಿನ್ ಚರ್ಮ. ಅರ್ಮಿನ್ ಅಂದ್ರೆ ಮುಂಗುಸಿಗಿಂತ ಚಿಕ್ಕ ಪ್ರಾಣಿ, ಚಳಿಗಾಲದಲ್ಲಿ ಬಾಲದ ಕಪ್ಪು ತುದಿಯೊಂದನ್ನು ಬಿಟ್ಟು ಮೈಯೆಲ್ಲ ಬೆಳ್ಳಗಾಗುತ್ತದೆ.

ಆ ಮೀಸೆಗಳ ಬೇಲಿಯೊಳಗೆ ಹದ್ದಿನ ಎಳೆ ಗರಿಗಳನ್ನು, ಹತ್ತಿಯಂಥ ತುಪ್ಪುಳನ್ನು ತುಂಬಿರುತ್ತಾರೆ. ಕುಣಿಯುವವರು ತಲೆ ಬಾಗಿಸಿ ಝಾಡಿಸಿದಾಗ ಅದು ಮೀಸೆಗಳ ಸಂದಿನಿಂದ ಹೊರಬಿದ್ದು ಮಂಜಿನಂತೆ ಅತಿಥಿಗಳ ಮೇಲೆ ಇಳಿಯುತ್ತದೆ. ಶಾಂತಿಯ ಗುರುತು, ನಿಮ್ಮ ಮೇಲೆ ನಮಗೆ ಹಗೆಯಿಲ್ಲ ಅನ್ನುವ ಮಾತು. ಅಂದ್ರೆ ಇದನ್ನು ಗಾಜಿನ ಪೆಟ್ಟಿಗೆಯಲ್ಲಿ ಅಲುಗಾಡದಂತೆ ಇಟ್ಟಾಗ ನೋಡಿದವರು ಅರ್ಧವನ್ನೂ ನೋಡಿದಂತಾಗಲಿಲ್ಲ. ಇದು ಕುಣಿಯುವುದಕ್ಕೆಂದೇ ವಿನ್ಯಾಸವಾದ ವಸ್ತು. (ಯಕ್ಷಗಾನದ ಕಿರೀಟದ ಹೋಲಿಕೆ ನಾಲಿಗೆ ತುದಿಯವರೆಗೆ ಬರುತ್ತದೆ, ಆದರೆ ಬೇಡ. ಆ ಕಿರೀಟ ಪಾತ್ರದ್ದು, ಇದು ಮನೆತನದ್ದು.)

ಅರ್ಮಿನ್ ಬಗ್ಗೆ ಒಂದು ಕಥೆ ಹೇಳದೆ ಮುಂದೆ ಹೋಗಲಾರೆ. ಬಾಸ್ಟನ್ನಿನ ಹಡಗು ವ್ಯಾಪಾರಿ ವಿಲಿಯಂ ಸ್ಟರ್ಗಿಸ್ ಈ ಕರಾವಳಿಗೆ ಕಡಲ ನೀರುನಾಯಿಯ ಚರ್ಮ ಕೊಳ್ಳಲು ಬರುತ್ತಿದ್ದ. ಆ ಚರ್ಮಕ್ಕೆ ಚೀನಾದ ಕ್ಯಾಂಟನ್ ಪೇಟೆಯಲ್ಲಿ ಬಂಗಾರದ ಬೆಲೆ. ಇಲ್ಲಿಯ ಜನ ಅರ್ಮಿನ್‌ಗೆ ಪ್ರಾಣ ಬಿಡುತ್ತಾರೆ ಅಂತ ಗಮನಿಸಿದ ಆತ ಜರ್ಮನಿಯ ಲೈಪ್‌ಜಿಗ್ ಜಾತ್ರೆಯಿಂದ ಸುಮಾರು 5,000 ಅರ್ಮಿನ್ ಚರ್ಮ ತರಿಸಿದ. ಒಂದೊಂದಕ್ಕೆ 30 ಸೆಂಟ್ ಕೂಡ ಬಿದ್ದಿರಲಿಲ್ಲ. 1804ರಲ್ಲಿ ಟ್ಲಿಂಗಿಟ್‌ರ ನೆರೆಯವರಾದ ಹೈಡಾ ಜನರ ಕೈಗಾನಿಯಲ್ಲಿ ಐದು ಅರ್ಮಿನ್‌ಗೆ ಒಂದು ನೀರುನಾಯಿ ಚರ್ಮದಂತೆ ಒಂದೇ ಬೆಳಗಿನಲ್ಲಿ 560 ಚರ್ಮ ಬಾಚಿಕೊಂಡ. ಕ್ಯಾಂಟನ್‌ನಲ್ಲಿ ಒಂದೊಂದರ ಬೆಲೆ ಸುಮಾರು 50 ಡಾಲರ್. ಸ್ಟಾರ್ಟಪ್ ಮಾಡಿರುವ ಗೆಳೆಯರು ಲೆಕ್ಕ ಹಾಕಿಕೊಳ್ಳಲಿ. ಸುದ್ದಿ ಹರಡಿ ಬೇರೆ ಹಡಗಿನವರೂ ಅರ್ಮಿನ್ ತುಂಬಿಕೊಂಡು ಬಂದರು, ಒಂದೆರಡು ವರ್ಷದಲ್ಲೇ ಬೆಲೆ ನೆಲಕಚ್ಚಿತು. ಅಲಾಸ್ಕಾದ ಕಾಡಿನ ನಡುವೆ ಒಂದು ಮನೆಯಲ್ಲಿ ಕುಣಿದ ಶಿರೋಭೂಷಣದ ಹಿಂದೆ ಕ್ಯಾಲಿಫೋರ್ನಿಯಾ, ಲೈಪ್‌ಜಿಗ್, ಕ್ಯಾಂಟನ್ ಎಲ್ಲ ಇದ್ದವು. ಹಿಂದುಳಿದ, ಜಗತ್ತಿಗೆ ಬೆನ್ನು ಹಾಕಿ ಕೂತ ಜನ ಅಂತ ಯಾರಾದರೂ ಅಂದರೆ ನಂಬಬೇಡಿ.

ಅದೇ 1804ರ ಅಕ್ಟೋಬರ್‌ನಲ್ಲಿ ಇನ್ನೊಂದು ಶಿರಸ್ತ್ರಾಣ ಇತಿಹಾಸಕ್ಕೆ ಬಂತು. ಸಿಟ್ಕಾದಲ್ಲಿ ರಷ್ಯನ್ನರು ಕೋಟೆ ಕಟ್ಟಿಕೊಂಡಿದ್ದರು, 1802ರಲ್ಲಿ ಟ್ಲಿಂಗಿಟ್‌ರು ಅದನ್ನು ನೆಲಸಮ ಮಾಡಿದ್ದರು. ರಷ್ಯನ್ ಕಂಪನಿಯ ಮುಖ್ಯಸ್ಥ ಬರಾನೊವ್ ಸೇಡಿಗೆ ಮರಳಿ ಬಂದ, ಜೊತೆಗೆ ಲಿಸ್ಯಾನ್‌ಸ್ಕಿಯ 'ನೆವಾ' ಹಡಗು, ಅದರ ಫಿರಂಗಿಗಳು. ಎದುರಿಗೆ ಕಿಕ್ಸಡಿ ಕುಲ, ಅವರ ಮುಂದಾಳು ಕತ್ಲಿಯಾನ್. ತಲೆಯ ಮೇಲೆ ರೇವನ್ ಹಕ್ಕಿಯ ರೂಪದ ಮರದ ಶಿರಸ್ತ್ರಾಣ, ಕೈಯಲ್ಲಿ ರಷ್ಯನ್ ಕಮ್ಮಾರನ ಸುತ್ತಿಗೆ. ಆ ಕಾಲದ ಯುದ್ಧದ ಶಿರಸ್ತ್ರಾಣ ದಪ್ಪ ಗಂಟುಮರದ್ದು. ಅದರ ಕೆಳಗೆ ಕತ್ತಿನಿಂದ ಕಣ್ಣಿನವರೆಗೆ ಬಾಗಿಸಿದ ಮರದ ಪಟ್ಟಿ, ಒಳಗಿನ ಕುಣಿಕೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಕಾದಬೇಕು. ಮೊದಲ ದಾಳಿಯಲ್ಲಿ ರಷ್ಯನ್ನರೇ ಹಿಮ್ಮೆಟ್ಟಿದರು, ಬರಾನೊವ್‌ಗೂ ಗಾಯವಾಯ್ತು. ಆದರೆ ಟ್ಲಿಂಗಿಟ್‌ರ ಮದ್ದು ತರುತ್ತಿದ್ದ ದೋಣಿ ಸಿಡಿದುಹೋಗಿತ್ತು. ಕೆಲವು ದಿನ ಹೋರಾಡಿ, ರಾತ್ರೋರಾತ್ರಿ ಕೋಟೆ ಬಿಟ್ಟು ಕಾಡು ಹಾದಿಯಲ್ಲಿ ಉತ್ತರಕ್ಕೆ ನಡೆದರು. ಆ ಶಿರಸ್ತ್ರಾಣ ಈಗ ಸಿಟ್ಕಾದ ಷೆಲ್ಡನ್ ಜಾಕ್ಸನ್ ಮ್ಯೂಸಿಯಂನಲ್ಲಿದೆ. ಯುದ್ಧಗಳು ನಿಂತ ಮೇಲೆ ಇಂಥ ಎಷ್ಟೋ ಶಿರಸ್ತ್ರಾಣಗಳು ಸಮಾರಂಭದ ಟೋಪಿಗಳಾಗಿ ಉಳಿದವು.

1867ರಲ್ಲಿ ರಷ್ಯಾ ಅಲಾಸ್ಕಾವನ್ನು ಅಮೆರಿಕಕ್ಕೆ ಮಾರಿತು. ಅಲ್ಲಿದ್ದವರನ್ನು ಯಾರೂ ಕೇಳಲಿಲ್ಲ. ನಾನು ನೋಡಿದ ತಿಮಿಂಗಿಲದ ಟೋಪಿಯ ಊರು ಆಂಗೂನ್. 1882ರಲ್ಲಿ ಅಲ್ಲಿನ ಒಬ್ಬ ಟ್ಲಿಂಗಿಟ್ ಹಿರಿಯ, ಕಂಪನಿಯೊಂದರ ತಿಮಿಂಗಿಲ ಬೇಟೆಯ ದೋಣಿಯಲ್ಲಿ ದುಡಿಯುವಾಗ, ಸಿಡಿಗುಂಡು ಸಿಡಿದು ಸತ್ತ. ರೂಢಿಯಂತೆ ಜನ 200 ಕಂಬಳಿ ಪರಿಹಾರ ಕೇಳಿದರು. ಅಮೆರಿಕದ ನೌಕಾಪಡೆ ಬಂದು ತಿರುಗಿ ಅವರಿಗೇ 400 ಕಂಬಳಿ ದಂಡ ಹಾಕಿತು. ಅಷ್ಟು ಕೊಡಲಾಗಲಿಲ್ಲ. ಅಕ್ಟೋಬರ್ 26ರಂದು ಊರಿನ ಮೇಲೆ ಫಿರಂಗಿ ಹಾರಿಸಿ, ಮನೆಗಳನ್ನೂ ದೋಣಿಗಳನ್ನೂ ಚಳಿಗಾಲಕ್ಕೆ ಕೂಡಿಟ್ಟ ಆಹಾರವನ್ನೂ ಸುಟ್ಟರು. ಆರು ಮಕ್ಕಳು ಸತ್ತರು ಅನ್ನುವುದು ಊರಿನವರ ನೆನಪು. ನೌಕಾಪಡೆ ಕ್ಷಮೆ ಕೇಳಿದ್ದು 2024ರ ಅಕ್ಟೋಬರ್ 26ರಂದು. 142 ವರ್ಷ.

ಸುಟ್ಟುಹೋಗದೆ ಉಳಿದದ್ದು ಮಾರಾಟವಾಗತೊಡಗಿತು. ಮಿಷನರಿಗಳ ಒತ್ತಡ, ಹೊಸ ರೋಗಗಳು, ಕೈಯಲ್ಲಿ ಕಾಸಿಲ್ಲ. 1904ರಲ್ಲಿ ಅಲಾಸ್ಕಾದ ಗವರ್ನರ್ ಜಾನ್ ಬ್ರೇಡಿ ಸಿಟ್ಕಾದಲ್ಲಿ ಮುಂದೆ ನಿಂತು ಒಂದು 'ಕೊನೆಯ ಪಾಟ್‌ಲ್ಯಾಚ್' ಮಾಡಿಸಿದ, ಇದಾದ ಮೇಲೆ ಹಳೆಯ ಪದ್ಧತಿ ಸಾಕು ಅಂತ. ಅದೇ ವರ್ಷ ಸ್ಮಿತ್‌ಸೋನಿಯನ್ ಪರವಾಗಿ ಮಾನವಶಾಸ್ತ್ರಜ್ಞ ಜಾನ್ ಸ್ವಾಂಟನ್ ತಿಮಿಂಗಿಲದ ಟೋಪಿಯನ್ನು ವಾಷಿಂಗ್‌ಟನ್‌ಗೆ ಒಯ್ದ. ಕೊಂಡು ಒಯ್ದದ್ದು ನಿಜ, ಕದ್ದದ್ದಲ್ಲ. ಆದರೆ ಕುಲದ ಅಟ್‌ಊ ಒಬ್ಬ ಮನುಷ್ಯ ಮಾರಬಹುದಾದ ಸ್ವತ್ತೇ ಅಲ್ಲ. ಮುಂದೆ ಅಮೆರಿಕದ ಕಾನೂನು ಒಪ್ಪಿಕೊಂಡದ್ದೂ ಇದನ್ನೇ.

ಇಲ್ಲಿ ನನ್ನನ್ನು ಬಹಳ ಕಾಡಿದ ಮನುಷ್ಯನ ಹೆಸರು ಹೇಳಬೇಕು: ಲೂಯಿ ಶಾಟ್‌ರಿಜ್. ಕ್ಲುಕ್ವಾನ್ ಊರಿನ, ಕಾಗ್ವಾನ್‌ತಾನ್ ಕುಲದ ಟ್ಲಿಂಗಿಟ್. 1912ರಿಂದ 1932ರವರೆಗೆ ಫಿಲಡೆಲ್ಫಿಯಾದ ಪೆನ್ ಮ್ಯೂಸಿಯಂನಲ್ಲಿ ಕೆಲಸ. ಊರು ಬಿಟ್ಟು ದೂರದ ನಗರದಲ್ಲಿ ದೊಡ್ಡ ಸಂಸ್ಥೆಯ ಸಂಬಳ, ಊರಿಗೆ ಹೋದರೆ ಮೊದಲಿನ ಹುಡುಗನಾಗಿ ಯಾರೂ ನೋಡುವುದಿಲ್ಲ. ಇದನ್ನು ಓದುತ್ತಿರುವ ನಮಗೆಲ್ಲ ಸ್ವಲ್ಪ ಪರಿಚಯದ ಸ್ಥಿತಿ, ಅಲ್ಲವೇ? ಆತನ ಕೆಲಸ ತನ್ನ ಜನರ ಪವಿತ್ರ ವಸ್ತುಗಳನ್ನು ಮ್ಯೂಸಿಯಂಗೆ ಕೊಳ್ಳುವುದು. ತನ್ನದೇ ಕುಲದ ಶಾರ್ಕ್ ಶಿರಸ್ತ್ರಾಣವನ್ನೂ ಕೊಂಡ. 1929ರಲ್ಲಿ ಅದರ ಬಗ್ಗೆ ಬರೆಯುತ್ತಾ, ಕಾಗ್ವಾನ್‌ತಾನ್ ಆಗಿ ಬೆಳೆದವನಾದ ತಾನು ನಂಬಿದವರಿಗೆ ದ್ರೋಹ ಬಗೆದಂತೆ ಒಳಗೊಳಗೇ ಅನಿಸುತ್ತದೆ ಎಂಬರ್ಥದ ಮಾತು ಬರೆದುಕೊಂಡ. ಜೊತೆಗೇ ಸಮಾಧಾನವನ್ನೂ ಹೇಳಿಕೊಂಡ: ಹಳ್ಳಿಯಲ್ಲಿ ಇದು ನಾಶವಾಗುತ್ತದೆ, ಮ್ಯೂಸಿಯಂನಲ್ಲಿದ್ದರೆ ನಮ್ಮ ಕುಲ ದೊಡ್ಡದಾಗಿತ್ತು ಅಂತ ಲೋಕಕ್ಕೆ ಸಾಕ್ಷಿಯಾಗುತ್ತದೆ. ಆರ್ಥಿಕ ಕುಸಿತದ ವರ್ಷಗಳಲ್ಲಿ ಮ್ಯೂಸಿಯಂ ಕೆಲಸ ಹೋಯ್ತು. ಊರ ಕಡೆ ಮೀನುಗಾರಿಕೆಯ ಕಾವಲುಗಾರನಾಗಿ ದುಡಿದು 1937ರಲ್ಲಿ ತೀರಿಕೊಂಡ. ಕೆಲವರು ಆತನನ್ನು ದ್ರೋಹಿ ಅಂತ ಬರೆದಿದ್ದಾರೆ. ನನಗೆ ಹಾಗೆ ಸಲೀಸಾಗಿ ಅನ್ನಲು ಬಾಯಿ ಬರುವುದಿಲ್ಲ. ಆತ ಮಾಡಿದ್ದು ಬ್ಯಾಕಪ್. ಯಾವ ಜಾಗದಲ್ಲಿ, ಯಾರನ್ನು ಕೇಳಿ ಅನ್ನುವುದರಲ್ಲಿ ಎಡವಿದ.

ಕಾನೂನು ಬದಲಾಗಲು ಇನ್ನೂ ಐವತ್ತು ವರ್ಷ ಬೇಕಾಯ್ತು. ಸ್ಮಿತ್‌ಸೋನಿಯನ್‌ಗೆ ಅನ್ವಯಿಸುವ ಕಾಯ್ದೆ 1989ರಲ್ಲಿ, ಬೇರೆ ಮ್ಯೂಸಿಯಂಗಳಿಗೆ 1990ರಲ್ಲಿ ಬಂತು. ತಿಮಿಂಗಿಲದ ಟೋಪಿ ಆಂಗೂನಿನ ದಕ್ಲವೇಡಿ ಕುಲಕ್ಕೆ ಮರಳಿದ್ದು 2005ರ ಜನವರಿಯಲ್ಲಿ. ಕುಲದ ಹಿರಿಯ ಮಾರ್ಕ್ ಜೇಕಬ್ಸ್ ಜೂನಿಯರ್ ಆಗ ಸಿಟ್ಕಾದ ಆಸ್ಪತ್ರೆಯಲ್ಲಿದ್ದರು. ಟೋಪಿಯನ್ನು ಅವರಿದ್ದಲ್ಲಿಗೇ ತಂದರು. ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು.

ಇಲ್ಲಿಂದ ಮುಂದೆ ನನ್ನ ಕಸುಬು ಕಥೆಯೊಳಗೆ ಬರುತ್ತದೆ. 2010ರಲ್ಲಿ, ಆಮೇಲಿನ ಕುಲನಾಯಕ ಎಡ್ವೆಲ್ ಜಾನ್ ಜೂನಿಯರ್ ಅವರ ಒಪ್ಪಿಗೆಯೊಂದಿಗೆ ಸ್ಮಿತ್‌ಸೋನಿಯನ್‌ನವರು ಟೋಪಿಯನ್ನು ತ್ರೀಡಿಯಲ್ಲಿ ಅಳೆದರು. ಇದರ ಹಿಂದಿನ ಲೆಕ್ಕಾಚಾರ ಸರಳ. ಮರದ ಮನೆಗಳ ಊರು, ಬೆಂಕಿ ಬಿದ್ದರೆ ಏನೂ ಉಳಿಯಲ್ಲ, ಒಂದು ಅಳತೆ ಇರಲಿ. ಆ ಅಳತೆಯಿಂದ ಆಲ್ಡರ್ ಮರದಲ್ಲಿ ಕಂಪ್ಯೂಟರ್ ನಿಯಂತ್ರಿತ ಯಂತ್ರದಿಂದ ಪ್ರತಿ ಕೊರೆದು, ಬಣ್ಣ, ಚಿಪ್ಪು, ಅರ್ಮಿನ್, ಕಡಲಸಿಂಹದ ಮೀಸೆಗಳನ್ನು ಕೈಯಿಂದಲೇ ಕೂರಿಸಿದರು. ಈ ಪ್ರತಿ ಮ್ಯೂಸಿಯಂನಲ್ಲಿ ಉಳಿಯಿತು, ಮಕ್ಕಳಿಗೆ ತೋರಿಸಲು. ಕುಲದವರು ಬಂದರೆ ತೊಟ್ಟು ಕುಣಿಯಲೂಬಹುದು. ಆದರೆ ಕುಲದವರು ಸ್ಪಷ್ಟವಾಗಿ ಹೇಳಿದ್ದಾರೆ: ಇದು ಉಡುಗೆ, ಅಟ್‌ಊ ಅಲ್ಲ. ಅಳತೆ ಮಿಲಿಮೀಟರಿನ ಮಟ್ಟಕ್ಕೆ ಸರಿಹೊಂದಿದರೂ ಅಲ್ಲ. ಎದುರು ಬದಿಯವರ ಮುಂದೆ ಅದಕ್ಕೆ ಯಾರೂ ಬೆಲೆ ತೆತ್ತಿಲ್ಲವಲ್ಲ.

ಇದನ್ನು ಓದಿದ ದಿನ ನನಗೆ ನಮ್ಮ ಮನೆಯ ಆಲ್ಬಮ್ಮುಗಳು ನೆನಪಾದವು. ಅಜ್ಜಿ ಹೋದ ವರ್ಷ ನಾನೇ ಕೂತು ಮುನ್ನೂರು ಚಿಲ್ಲರೆ ಹಳೆಯ ಫೋಟೊ ಸ್ಕ್ಯಾನ್ ಮಾಡಿದ್ದೆ, ಮೂರು ಕಡೆ ಇಟ್ಟೆ, ಹೆಮ್ಮೆಪಟ್ಟೆ. ಹೋದ ದೀಪಾವಳಿಗೆ ತೆರೆದು ನೋಡಿದರೆ ಅರ್ಧಕ್ಕಿಂತ ಹೆಚ್ಚು ಮುಖಗಳಿಗೆ ಹೆಸರು ಹೇಳುವವರು ಮನೆಯಲ್ಲಿ ಇಲ್ಲ. ಅಮ್ಮ 'ಇವರು ನಮ್ಮ ಕಡೆಯವರೇ' ಅಂದರು, ಅಷ್ಟೇ.

ಹಾಗಾದರೆ ಯಂತ್ರ ಕೊರೆದದ್ದು ಎಂದೂ ಅಟ್‌ಊ ಆಗಲಾರದೇ? ನಾನು ಹಾಗಂತಲೇ ತೀರ್ಮಾನಿಸಿದ್ದೆ. ಮತ್ತೆ ತಪ್ಪಿದೆ.

ಸ್ಕಲ್ಪಿನ್ ಅನ್ನುವುದು ಆ ಕಡಲಿನ ದೊಡ್ಡ ತಲೆಯ, ಮುಳ್ಳುಮುಳ್ಳಾದ ಮೀನು. ಅದರ ರೂಪದ ಕಿಕ್ಸಡಿ ಕುಲದ ಟೋಪಿಯೊಂದು 1880ರ ದಶಕದಿಂದ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿತ್ತು. ಹೌದು, ರೇವನ್ ಶಿರಸ್ತ್ರಾಣ ತೊಟ್ಟು ರಷ್ಯನ್ನರ ವಿರುದ್ಧ ನಿಂತ ಕತ್ಲಿಯಾನ್‌ನ ಕುಲವೇ. ಟೋಪಿ ಒಡೆದುಹೋಗಿತ್ತು, ತಲೆಗೇರಿಸಿ ಕುಣಿಯುವ ಸ್ಥಿತಿಯಲ್ಲಿರಲಿಲ್ಲ. ಕುಲನಾಯಕ ರೇ ವಿಲ್ಸನ್ ಮತ್ತು ಕುಲದವರು ಈ ಸಲ ಕೇಳಿದ್ದು ಬೇರೆ: ಇದನ್ನು ಅಳೆದು, ಒಡೆದ ಭಾಗಗಳನ್ನು ಕಂಪ್ಯೂಟರಿನಲ್ಲೇ ಸರಿಪಡಿಸಿ, ನಮಗೊಂದು ಹೊಸ ಟೋಪಿ ಮಾಡಿಕೊಡಿ. ನೆನಪಿಗಲ್ಲ, ತೊಡುವುದಕ್ಕೆ. ಬಲೆಯ ತೂತು ತುಂಬುವುದು! ನಾನು ದಿನಾ ಮಾಡುವ ಕೆಲಸವೇ. ಒಂದು ವಿಷಯ ಹೇಳುತ್ತೇನೆ, ತೂತು ತುಂಬುವುದು ಯಾವಾಗಲೂ ಊಹೆ. ಇಲ್ಲಿ ಹೀಗಿದ್ದಿರಬೇಕು ಅಂತ ಪ್ರೋಗ್ರಾಂ ಅಂದಾಜಿಸುತ್ತದೆ. ಪಂಪಿನ ಕವಚವಾದರೆ ನಮ್ಮ ರಿವ್ಯೂ ಮಾಡುವವರು ಒಮ್ಮೆ ನೋಡಿ ಸರಿ ಅನ್ನುತ್ತಾರೆ, ಮುಗೀತು. ಕುಲದ ಮೀನಿನ ಮುಖದಲ್ಲಿ ಬಿದ್ದ ತೂತಿಗೆ ಮಾಡಿದ ಊಹೆಯನ್ನು ಯಾರು ಸರಿ ಅನ್ನಬೇಕು?

2019ರ ಸೆಪ್ಟೆಂಬರ್‌ನಲ್ಲಿ ಜೂನೋದಲ್ಲಿ ಹೊಸ ಟೋಪಿಯನ್ನು ಹೊರತಂದರು. ಕಿಕ್ಸಡಿ ರೇವನ್ ಬದಿಯವರು, ಆದ್ದರಿಂದ ಸಾಕ್ಷಿಗೆ ಹದ್ದಿನ ಬದಿಯವರು ಬೇಕು. ಬಂದರು, ನೋಡಿದರು. ಯಂತ್ರ ಕೊರೆದ ಆಲ್ಡರ್ ಮರ ಅವತ್ತು ಕಿಕ್ಸಡಿಯವರ ಅಟ್‌ಊ ಆಯಿತು, ಹಾಡಿನೊಂದಿಗೆ ಕುಣಿಯಿತು.